ಮೇಡಂ ನುಂಗಿದ ‘ಸಿ’

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ‘ಸಿ’ ಎಂಬ ಒಂದೇ ಅಕ್ಷರ. ಕಚೇರಿಯ ಮೇಡಂಗೆ ಮಾತಿನ ಕೊನೆಯನ್ನು ನುಂಗಿಬಿಡುವ ಅಭ್ಯಾಸವಿತ್ತು. ತಿಂಗಳ ಹಿಂದೆ ಊರಾಚೆ ತರಬೇತಿಗೆ ಹೊರಟಾಗ ತಮ್ಮ ಜೂಲು ನಾಯಿಯನ್ನು ಗುಮಾಸ್ತನ ಕೈಗೊಪ್ಪಿಸಿ, ಕಾರಿನ ಬಾಗಿಲು ಎಳೆದುಕೊಳ್ಳುತ್ತಾ, “ಮರೀಬೇಡಿ, ಇವನ ಕೂದಲು ಬಿಡಿಸಿ” ಅಂದಿದ್ದರು. ಗುಮಾಸ್ತನ ಕಿವಿಗೆ ಬಿದ್ದದ್ದು “ಕೂದಲು ಬಿಡಿ.” ಬಿಡುವುದಕ್ಕೇನು ಕಷ್ಟ? ಒಂದು ತಿಂಗಳು ಅವನು ಶ್ರದ್ಧೆಯಿಂದ ಬಿಟ್ಟ.

ಇವತ್ತು ಬೆಳಿಗ್ಗೆ ಮೇಡಂ ಫೋನಿಗೆ ಸಂದೇಶ ಕಳಿಸಿದರು. ‘ಮಧ್ಯಾಹ್ನ ಮೂರಕ್ಕೆ ಕಚೇರಿಗೆ ಬರ್ತೀನಿ. ಅವನನ್ನೂ ಕರೆತನ್ನಿ. ದಿನಾ ಬಾಚಿ ಕೂದಲು ಬಿಡಿಸಿದ್ದೀರಿ ತಾನೆ?’ ಬರವಣಿಗೆಯಲ್ಲಿ ಅವರು ಒಂದಕ್ಷರವನ್ನೂ ನುಂಗುತ್ತಿರಲಿಲ್ಲ. ಗುಮಾಸ್ತ ಮೂಲೆಯಲ್ಲಿ ಮಲಗಿದ್ದ ನಾಯಿಯತ್ತ ತಿರುಗಿ ನೋಡಿದ. ಅದರ ಮೈತುಂಬ ಜೂಲು ಗಂಟುಕಟ್ಟಿತ್ತು.

ಬೇರೆ ದಿನವಾಗಿದ್ದರೆ ಬೈಸಿಕೊಂಡು ಸುಮ್ಮನಾಗುತ್ತಿದ್ದ. ಆದರೆ ಅವನ ವರ್ಗಾವಣೆಯ ಅರ್ಜಿ ಮೇಡಂ ಚೀಲದಲ್ಲಿ ಅವರ ಸಹಿಗಾಗಿ ಕಾದಿತ್ತು. ಹೆಂಡತಿ, ಮಗಳು ಇರುವುದು ರೈಲಿನಲ್ಲಿ ಎಂಟು ಗಂಟೆ ದೂರದ ಊರಿನಲ್ಲಿ. ನಾಲ್ಕು ವರ್ಷದಿಂದ ಅವನು ಒಬ್ಬನೇ ಬೇಯಿಸಿಕೊಂಡು ಒಬ್ಬನೇ ಉಣ್ಣುತ್ತಿದ್ದ. ಹೋದ ಸಲ ಮನೆಗೆ ಹೋದಾಗ ಮಗಳು, “ಅಪ್ಪ, ನೀನು ಯಾವಾಗ ಹೊರಡ್ತೀಯ?” ಎಂದು ನೆಂಟರನ್ನು ಕೇಳುವಂತೆ ಕೇಳಿದ್ದಳು. ಅದು ಅವನಿಗೆ ಇನ್ನೂ ನೋಯುತ್ತಿತ್ತು.

ನಾಯಿಯನ್ನು ಕಚೇರಿಗೆ ತಂದದ್ದೇ ತಡ, ಎಲ್ಲರೂ ಸುತ್ತುವರಿದರು.

“ಇದೇನಪ್ಪ, ನಾಯೀನೋ ಕಾಲೊರೆಸೋ ಗೋಣಿಚೀಲಾನೋ?” ಎಂದರು ಹೆಡ್ ಕ್ಲರ್ಕ್.

“ಗಾಬರಿ ಯಾಕೆ? ಎಣ್ಣೆ ಹಚ್ಚಿ ಬಾಚಿದ್ರೆ ಬಿಡುತ್ತೆ. ನನ್ನ ಮಗಳ ಜಡೇನೂ ಹೀಗೇ ಆಗಿತ್ತು” ಎನ್ನುತ್ತಾ ಟೈಪಿಸ್ಟ್ ಅಕ್ಕ ಚೀಲದಿಂದ ತಲೆಗೆಣ್ಣೆಯ ಬಾಟಲಿ ತೆಗೆದು ಬೇಡ ಅನ್ನುವ ಮೊದಲೇ ಸುರಿದರು. ನಾಯಿ ಕೊಸರಿಕೊಂಡು ಹಳೇ ಫೈಲುಗಳ ಕಪಾಟಿನಡಿ ನುಗ್ಗಿತು. ಹೊರಬಂದಾಗ ಇಲಾಖೆಯ ಇಪ್ಪತ್ತು ವರ್ಷದ ಧೂಳು ಅದರ ಮೈಮೇಲಿತ್ತು.

“ತೊಳೆದುಬಿಡೋಣ ಬಿಡಿ ಸಾರ್” ಎಂದ ಜವಾನ ಅದನ್ನು ಹಿಂದಿನ ನಲ್ಲಿಗೆ ಎಳೆದೊಯ್ದ. ನೀರು ಬಿದ್ದದ್ದೇ ಗಂಟುಗಳು ಇನ್ನಷ್ಟು ಬಿಗಿದುಕೊಂಡವು. ಆಗ ಹೆಡ್ ಕ್ಲರ್ಕ್ ಲಕೋಟೆ ಕತ್ತರಿಸುವ ಕತ್ತರಿ ಹಿಡಿದು ಬಂದು, ಕನ್ನಡಕ ಇಲ್ಲದೆಯೇ ಬೆನ್ನ ಮೇಲೆ ಅಂಗೈಯಗಲ ಕತ್ತರಿಸಿದರು. ನಾಯಿ ಕುಂಯ್ ಎಂದಿತು. ಗುಮಾಸ್ತ ಕತ್ತರಿ ಕಿತ್ತುಕೊಂಡ.

“ಉಪಕಾರ ಮಾಡೋಕೆ ಬಂದ್ರೆ ನನ್ನ ಮೇಲೇ ಎಗರಾಡ್ತಾನೆ ನೋಡಿ” ಎಂದು ಹೆಡ್ ಕ್ಲರ್ಕ್ ಗೊಣಗಿದರು.

ಎರಡು ಬೀದಿ ಆಚೆ ನಾಯಿ ಬೆಕ್ಕುಗಳ ಕೂದಲು ಕತ್ತರಿಸುವ ಅಂಗಡಿಯಿತ್ತು. ಗುಮಾಸ್ತ ನಾಯಿಯನ್ನು ಎತ್ತಿಕೊಂಡು ಅಲ್ಲಿಗೆ ಓಡಿದ. ಅಂಗಡಿಯಾಕೆ ನಾಯಿಯನ್ನು ಮೇಜಿನ ಮೇಲೆ ನಿಲ್ಲಿಸಿ, ಹೊಟ್ಟೆಯಡಿ ಬೆರಳಾಡಿಸಿ, ಗುಮಾಸ್ತನನ್ನು ಮೇಲಿಂದ ಕೆಳಗೆ ನೋಡಿದಳು.

“ಬಾಚೋದು ಅಂದ್ರೆ ಬರೀ ಶೋಕಿ ಅಂದ್ಕೊಂಡ್ರಾ? ಒಂದೊಂದು ಗಂಟೂ ಚರ್ಮಾನ ಎಳೀತಾ ಇರುತ್ತೆ. ಇಡೀ ದಿನ ಯಾರಾದ್ರೂ ನಿಮ್ಮ ಜುಟ್ಟು ಹಿಡ್ಕೊಂಡಿದ್ರೆ ಹೇಗಿರುತ್ತೆ?”

ಜುಟ್ಟು ಹಿಡಿಯಲು ಅವನ ತಲೆಯಲ್ಲಿ ಏನೂ ಉಳಿದಿರಲಿಲ್ಲ. ಆದರೂ ಅರ್ಥವಾಯಿತು.

“ಇಲ್ನೋಡಿ, ಗಾಳಿಯಾಡದೆ ಚರ್ಮ ಕೆಂಪಗಾಗಿದೆ. ಕಿವೀಲಿ ಉಣ್ಣೆಹುಳ ಕಚ್ಕೊಂಡಿದೆ. ಉಗುರು ಬೆಳೆದು ಪಾದಕ್ಕೇ ಚುಚ್ತಾ ಇದೆ. ದಿನಾ ಕೈಯಾಡಿಸಿದ್ರೆ ಆವತ್ತೇ ಗೊತ್ತಾಗ್ತಿತ್ತು. ಮಾತು ಬಾರದ ಪ್ರಾಣಿ, ನಿಮಗೆ ಅರ್ಜಿ ಬರೆದು ಕೊಡುತ್ತಾ?”

ಗುಮಾಸ್ತನಿಗೆ ನಾಚಿಕೆಯಾಯಿತು. ಮೈ ಸವರಲು ಹೋದಾಗೆಲ್ಲ ನಾಯಿ ಸರಿದು ಕೂರುತ್ತಿತ್ತು. ಮೇಡಂ ನಾಯಿ ಅಲ್ಲವೇ, ಜಂಬ ಎಂದುಕೊಂಡಿದ್ದ. ಪಾಪ, ಅದು ನೋವು ತಡೆದುಕೊಂಡು ಕೂತಿತ್ತು.

“ಈಗೇನು ಮಾಡೋದಮ್ಮ?”

“ಪೂರ್ತಿ ಬೋಳಿಸಬೇಕು. ಬೇರೆ ದಾರಿ ಇಲ್ಲ.”

ವರ್ಗಾವಣೆಯ ಆಸೆ ಬಿಟ್ಟು ಗುಮಾಸ್ತ ‘ಹೂಂ’ ಅಂದ. ಮೆಷಿನ್ ಎರಡು ಗಂಟೆ ಗುಂಯ್‌ಗುಟ್ಟಿತು. ಆಕೆ ಉಗುರು ಕತ್ತರಿಸಿ, ಕಿವಿ ಒರೆಸಿ, ಮುಲಾಮು ಹಚ್ಚಿ ಕೆಳಗಿಳಿಸಿದಳು. ಅಂಗಡಿಯೊಳಗೆ ಹೋಗಿದ್ದ ನಾಯಿಯ ಅರ್ಧದಷ್ಟು ಮಾತ್ರ ಹೊರಗೆ ಬಂತು.

ಮೂರು ಗಂಟೆಗೆ ಮೇಡಂ ಒಳಗೆ ಬಂದಾಗ ಸಲಹೆ ಕೊಟ್ಟವರೆಲ್ಲ ಫೈಲಿನಲ್ಲಿ ತಲೆ ಹುದುಗಿಸಿದ್ದರು. ಮೇಡಂ ಬಾಗಿಲಲ್ಲೇ ನಿಂತರು. ನಾಯಿ ಒಂದು ಕ್ಷಣ ಮೂಸಿ ನೋಡಿ, ಓಡಿಹೋಗಿ, ಎರಡು ಕಾಲೆತ್ತಿ ಅವರ ಮೈಮೇಲೆ ಹಾರಿತು. ಮೇಡಂ ಕಣ್ಣಲ್ಲಿ ನೀರು ಬಂತು.

“ಇವನು ಹಾರಿ ಎರಡು ವರ್ಷ ಆಗಿತ್ತು. ಹೊಟ್ಟೆ, ಕಾಲು ಮುಟ್ಟಿದ್ರೆ ಕಚ್ಚೋಕೇ ಬರ್ತಿದ್ದ. ನಾನು ಬೆನ್ನು ಮಾತ್ರ ಬಾಚಿ, ಕೆಳಗಿನ ಗಂಟು ಹಾಗೇ ಬಿಟ್ಟುಬಿಡ್ತಿದ್ದೆ. ಕುಂಟಿದ್ರೆ ವಯಸ್ಸಾಯ್ತು ಅಂದ್ಕೊಂಡಿದ್ದೆ. ನನ್ನ ಕೈಲಾಗದ್ದನ್ನ ನೀವು ಮಾಡಿದ್ರಿ.”

ಗುಮಾಸ್ತನ ಎದೆ ಹಗುರಾಯಿತು. ಮೇಡಂ ಚೀಲದಿಂದ ಒಂದು ಹಾಳೆ ತೆಗೆದರು. ಅವನದೇ ಅರ್ಜಿ. ಕೆಳಗೆ ಹಸಿರು ಶಾಯಿಯ ಸಹಿಯಿತ್ತು.

“ಬರುವಾಗ ಕಾರಲ್ಲೇ ಸಹಿ ಹಾಕಿಬಿಟ್ಟಿದ್ದೆ. ಎಂಥ ತಪ್ಪು ಮಾಡ್ತಿದ್ದೆ ನೋಡಿ” ಎನ್ನುತ್ತಾ ಮೇಡಂ ಅದನ್ನು ಎರಡಾಗಿ, ನಾಲ್ಕಾಗಿ ಹರಿದರು. “ನಿಮ್ಮಂಥವರನ್ನ ಬಿಟ್ಟುಕೊಡೋಕಾಗುತ್ತಾ?”

ಗುಮಾಸ್ತ ಚೂರುಗಳನ್ನು ಆಯ್ದು ಮೇಜಿನ ಮೇಲಿಟ್ಟ. ನಿಜ ಹೇಳಿದರೆ ಸಿಟ್ಟಿಗಾದರೂ ಎತ್ತಂಗಡಿ ಮಾಡಬಹುದು ಎನಿಸಿತು. “ಮೇಡಂ, ಇದು ನಾನು ಮಾಡಿದ್ದಲ್ಲ. ತಿಂಗಳಲ್ಲಿ ಒಂದಿನಾನೂ ನಾನು ಬಾಚಲಿಲ್ಲ. ಗಂಟು ಕಟ್ಟಿದ್ದು ನನ್ನಿಂದಲೇ.”

“ನೋಡ್ರಪ್ಪ ವಿನಯ ಅಂದ್ರೆ” ಎಂದು ಮೇಡಂ ಎಲ್ಲರ ಕಡೆ ತಿರುಗಿದರು. ಹೆಡ್ ಕ್ಲರ್ಕ್ ಎಲ್ಲರಿಗಿಂತ ಮೊದಲು ತಲೆಯಾಡಿಸಿದರು. ಮೇಡಂ ಮತ್ತೆ ಗುಮಾಸ್ತನಿಗೆ ಹೇಳಿದರು, “ನಮ್ಮಕ್ಕನ ಮನೇಲಿ ಮೂರು ಬೆಕ್ಕಿವೆ, ಉದ್ದ ಕೂದಲಿನವು. ಯಾರಿಗೂ ಮುಟ್ಟೋಕೆ ಬಿಡಲ್ಲ. ಭಾನುವಾರ ಕಳಿಸ್ತೀನಿ.”

ಅವರು ಹೋದ ಮೇಲೆ ಹೆಂಡತಿಯ ಫೋನು ಬಂತು.

“ಏನಾಯ್ತು ರೀ? ಸಹಿ ಹಾಕಿದ್ರಾ?”

“ಹಾಕಿದ್ರು” ಎಂದ ಗುಮಾಸ್ತ, ಮೇಜಿನ ಮೇಲಿನ ನಾಲ್ಕು ಚೂರುಗಳನ್ನು ಕಸದ ಬುಟ್ಟಿಗೆ ಹಾಕುತ್ತಾ.