ಧಾರೆ ಸೀರೆ ತರಲು ಹೋದ ಫಟಫಟಿ

ಮೋಟಾರ್ ಸೈಕಲ್ ಎಂಬ ಯಂತ್ರದ ಬಗ್ಗೆ ಚಳ್ಳಕೆರೆಯಲ್ಲಿ ಅಧಿಕಾರವಾಣಿಯಿಂದ ಮಾತಾಡಬಲ್ಲವನು ಆಗ ನಾನೊಬ್ಬನೇ. ಕಾರಣ ಸರಳ. ಊರಿನಲ್ಲಿ ಅದು ಇದ್ದದ್ದು ನನ್ನ ಹತ್ತಿರ ಮಾತ್ರ! ಬಳ್ಳಾರಿಯ ಬಿಳಿ ದೊರೆಯೊಬ್ಬ ತನ್ನ ಸೀಮೆಗೆ, ಇಂಗ್ಲೆಂಡಿಗೆ, ಹೊರಟಾಗ ಮಾರಿಹೋದ ಗಾಡಿ ಅದು. ಓಡಿಸುವುದನ್ನು ಆತ ಅರ್ಧ ದಿನ ಹೇಳಿಕೊಟ್ಟ. ನಿಲ್ಲಿಸುವುದನ್ನು ನಾನೇ ಕಲಿತೆ, ನಮ್ಮ ಕಣದ ಹುಲ್ಲಿನ ಬಣವೆಯ ಸಹಾಯದಿಂದ. ಊರಿನವರು ಅದಕ್ಕೆ ಫಟಫಟಿ ಎಂದು ಹೆಸರಿಟ್ಟರು.

ಆ ವರ್ಷ ನನ್ನ ತಂಗಿ ಗೌರಿಯ ಮದುವೆ ಗೊತ್ತಾಯಿತು. ಅಪ್ಪ ಇರಲಿಲ್ಲ, ಮನೆಗೆ ನಾನೇ ಹಿರಿಯ. ಧಾರೆ ಸೀರೆ ಮಾತ್ರ ಮೊಳಕಾಲ್ಮೂರಿನದ್ದೇ ಆಗಬೇಕು ಎಂದು ಅವ್ವ ಹಟ ಹಿಡಿದಿದ್ದಳು. ನೇಯುವ ನರಸಿಂಹಪ್ಪನಿಗೆ ಚಳಿಜ್ವರ ಬಂದು, ಸೀರೆ ಮಗ್ಗದಿಂದ ಇಳಿಯುವುದು ಮದುವೆಯ ಹಿಂದಿನ ದಿನವೇ ಎಂದು ಸುದ್ದಿ ಬಂತು. ಅದೇ ದಿನ ಸಂಜೆ ಬೀಗರು ಬಂದಿಳಿಯುವವರು. ದೀಪ ಹಚ್ಚುವುದರೊಳಗೆ ಸೀರೆ ದೇವರ ಮುಂದೆ ಇರಬೇಕು. ಸುಮಾರು ನಲವತ್ತು ಮೈಲಿ ದಾರಿ. ಬಂಡಿಯವನು ಮೊದಲೇ ಹೋಗಿ ಅಲ್ಲೇ ಕಾಯಲಿ, ವೇಗದ ಎತ್ತುಗಳನ್ನು ದಾರಿಯಲ್ಲಿ ಬದಲಿಸಿಕೊಂಡು ಬರಲಿ ಎಂದು ಅವ್ವ ಏನೇನೋ ಏರ್ಪಾಟು ಮಾಡಿದ್ದಳು. ನಾನು ಆ ಬಂಡಿಯನ್ನು ವಾಪಸು ಕಳಿಸಿದೆ!

ನನ್ನ ಹೆಂಡತಿ ನೀಲಮ್ಮ ಅಂದಳು, "ಬಂಡಿನೂ ಹೋಗ್ಲಿ ಬಿಡ್ರಿ. ನಿಮ್ಮ ಗಾಡಿ ಕೈಕೊಟ್ರೆ ಏನ್ ಮಾಡ್ತೀರಿ?"

"ಯಂತ್ರ ಕಣೇ ಅದು. ಯಂತ್ರಕ್ಕೆ ಮೋಸ ಮಾಡೋಕೆ ಬರಲ್ಲ."

"ಅದಕ್ಕೆ ಬರಲ್ಲ. ಓಡ್ಸೋರನ್ನ ನೋಡಿ ಹೇಳ್ದೆ," ಎಂದು ಒಳಗೆ ಹೋದಳು.

ಬೆಳಿಗ್ಗೆ ಹೊರಟವನು ತಳಕು, ಹಾನಗಲ್ ದಾಟಿ, ಧೂಳು ಕುಡಿದು, ಮೂರು ನಾಯಿಗಳ ವೈರ ಕಟ್ಟಿಕೊಂಡು, ಬಿಸಿಲೇರುವ ಹೊತ್ತಿಗೆ ಮೊಳಕಾಲ್ಮೂರಿನ ನೇಕಾರರ ಕೇರಿಯಲ್ಲಿದ್ದೆ. ಮಗ್ಗಗಳ ಸದ್ದು ನಿಂತೇ ಹೋಯಿತು. ಕೇರಿಗೆ ಕೇರಿಯೇ ಹೊರಗೆ ಬಂದು ನಿಂತಿತ್ತು. ಇಷ್ಟು ಜನ ಸೇರಿರುವಾಗ ಉಪನ್ಯಾಸ ಕೊಡದೆ ಇರಲು ನನ್ನಿಂದಾಗುತ್ತದೆಯೇ?

"ಇದಕ್ಕೆ ಹುಲ್ಲು ಬೇಡ, ಹಿಂಡಿ ಬೇಡ," ಎಂದು ಟ್ಯಾಂಕಿನ ಮುಚ್ಚಳ ತಿರುಗಿಸಿ ತೆಗೆದು ತೋರಿಸಿದೆ. "ಇಲ್ಲಿ ಹುಯ್ದರೆ ಸಾಕು. ಆಮೇಲೆ ಓಡ್ತಾನೇ ಇರುತ್ತೆ!"

ನರಸಿಂಹಪ್ಪನ ತಾಯಿ ತಿಮ್ಮಕ್ಕಜ್ಜಿ ಕೋಲೂರಿಕೊಂಡು ಬಂದು ಆ ಬಾಯಿಯೊಳಗೆ ಬಗ್ಗಿ ನೋಡಿದಳು. "ಪಾಪಂ, ಅರ್ಧ ಖಾಲಿ ಐತಲ್ಲ ನಾಯನಾ," ಎಂದು ತೆಲುಗು ಬೆರೆಸಿ ಅಂದಳು. ಯಂತ್ರದ ಮೇಲೆ ಆಕೆಗಿದ್ದ ಕಾಳಜಿ ಕಂಡು ನನಗೆ ಸಂತೋಷವಾಯಿತು.

ಒಳಗೆ ಸೀರೆಯ ಸೆರಗು ಇನ್ನೂ ಗೇಣುದ್ದ ಬಾಕಿ ಇತ್ತು. ಮಗ್ಗದ ಪಕ್ಕದಲ್ಲಿ ಕೂತು ಕಾದೆ. ಜ್ವರದಿಂದ ಎದ್ದ ನರಸಿಂಹಪ್ಪ ನೇಯ್ದು ಮುಗಿಸಿ, ಸೀರೆ ಇಳಿಸಿ, ಮಡಿಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿ ಕೈಗಿಟ್ಟ. ಅದನ್ನು ಎದೆಗೆ ಬಿಗಿದುಕೊಂಡು ಹೊರಗೆ ಬಂದೆ. ಟ್ಯಾಂಕಿನ ಮುಚ್ಚಳ ಯಾರೋ ಪುಣ್ಯಾತ್ಮರು ಹಾಕಿಟ್ಟಿದ್ದರು. ಒಂದೇ ಒದೆತಕ್ಕೆ ಗಾಡಿ ಗುಡುಗಿತು. ರಾಜನ ಹಾಗೆ ಕೈ ಬೀಸಿ ಹೊರಟೆ.

ನನ್ನ ರಾಜ್ಯಭಾರ ಒಂದು ಮೈಲಿ ನಡೆಯಿತು. ಊರ ಹೊರಗೆ ಗಾಡಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು.

ಗಾಬರಿಯಾಗಲಿಲ್ಲ. ಒದ್ದೆ. ಗರ್ ಎಂದು ತಿರುಗಿತು, ಹೊತ್ತಿಕೊಳ್ಳಲಿಲ್ಲ. ಇಪ್ಪತ್ತು ಸಲ ಒದ್ದೆ. ಇಪ್ಪತ್ತೊಂದನೆಯ ಸಲ ಕಿಕ್ಕಿನ ಕಡ್ಡಿ ನನ್ನನ್ನೇ ಒದ್ದಿತು! ಒಂದು ಕಾಲಲ್ಲಿ ಕುಣಿದು ಮುಗಿಸಿದ ಮೇಲೆ ಶಾಸ್ತ್ರೋಕ್ತವಾಗಿ ತಪಾಸಣೆ ಆರಂಭಿಸಿದೆ. ಪ್ಲಗ್ಗು ಬಿಚ್ಚಿ ಪಂಚೆಯ ಅಂಚಿನಲ್ಲಿ ಒರೆಸಿದೆ. ಪಂಚೆ ಕಪ್ಪಾಯಿತು, ಗಾಡಿ ಹೊರಡಲಿಲ್ಲ. ತಂತಿಯಲ್ಲಿ ಕಿಡಿ ಬರುತ್ತದೋ ಎಂದು ಬೆರಳಿಟ್ಟು ನೋಡಿದೆ. ಬರುತ್ತದೆ! ಭುಜದವರೆಗೂ ಬರುತ್ತದೆ.

ಕೊನೆಗೆ ಟ್ಯಾಂಕಿನ ಮುಚ್ಚಳ ತೆಗೆದೆ. ಕತ್ತಿನವರೆಗೂ ತುಂಬಿತ್ತು. ಘಮ್ಮೆಂದು ಪೆಟ್ರೋಲು ವಾಸನೆ. ಸದ್ಯ, ಎಣ್ಣೆಯ ಕೊರತೆಯಲ್ಲ ಎಂದು ನಿಟ್ಟುಸಿರು ಬಿಟ್ಟೆ. ನಲವತ್ತು ಮೈಲಿ ಓಡಿಯೂ ತೊಟ್ಟು ಖರ್ಚಾಗಿಲ್ಲ, ಎಂಥ ಮಿತವ್ಯಯದ ಯಂತ್ರ! ಇದನ್ನು ಮಾಡಿದ ಸೀಮೆಯವರಿಗೆ ಒಂದು ಮೆಚ್ಚುಗೆಯ ಕಾಗದ ಬರೆಯಬೇಕು ಎಂದೂ ಆ ಬಿಸಿಲಿನಲ್ಲೇ ನಿಶ್ಚಯಿಸಿದೆ.

ಅಷ್ಟರಲ್ಲಿ ರಾಂಪುರದ ಕಡೆಯಿಂದ ಓಬಯ್ಯ ಎನ್ನುವವನ ಬಂಡಿ ಬಂತು. ನಮ್ಮ ಮನೆಯ ಎಣ್ಣೆ ಗಾಣಕ್ಕೆ ಶೇಂಗಾ ಹಾಕುತ್ತಿದ್ದ ರೈತ.

"ಏನ್ ಸಾವ್ಕಾರ್ರೆ, ಮಲಗೈತಾ?"

"ಎಳೆದರೆ ಹೊರಡುತ್ತೆ ಕಣಯ್ಯ," ಎಂದೆ.

ಓಬಯ್ಯ ಬಂಡಿಯಿಂದ ನೊಗದ ಸಮೇತ ಎತ್ತು ಬಿಚ್ಚಿ, ನೊಗಕ್ಕೆ ಹಗ್ಗ ಹಾಕಿ ಗಾಡಿಗೆ ಕಟ್ಟಿದ. ಎತ್ತುಗಳು ರಸ್ತೆಯಲ್ಲಿ ಸ್ವಲ್ಪ ದೂರ ಸಭ್ಯವಾಗಿಯೇ ನಡೆದವು. ಆಮೇಲೆ ಪಕ್ಕದಲ್ಲಿ ಎಲ್ಲೋ ಹಸಿರು ಕಂಡಿತು. ಎತ್ತುಗಳು ಅತ್ತ ತಿರುಗಿದವು. ಹಿಂದೆಯೇ ನಾನೂ ತಿರುಗಿದೆ! ಜಾಲಿಯ ಪೊದೆಯಿಂದ ಓಬಯ್ಯ ನನ್ನನ್ನು ಬಿಡಿಸಿ ತೆಗೆದಾಗ ಅಂಗಿಯ ತೋಳು ಅಲ್ಲೇ ಉಳಿಯಿತು. ಸೀರೆಯ ಗಂಟಿಗೆ ಮಾತ್ರ ಏನೂ ಆಗಿರಲಿಲ್ಲ.

ಹೊತ್ತು ಇಳಿಯತೊಡಗಿತ್ತು. ರಸ್ತೆಯ ಬದಿ ಕುಕ್ಕರಿಸಿದೆ. ಬೀಗರು ಬಂದಿಳಿಯುತ್ತಾರೆ, ದೇವರ ಮುಂದೆ ಬರೀ ತಟ್ಟೆ. ಅವ್ವ ಯಾರ ಮುಖ ನೋಡಬೇಕು? ಗೌರಿ ಏನು ಉಟ್ಟು ಹಸೆಗೆ ಬರಬೇಕು? ಅವ್ವ ಗೊತ್ತುಮಾಡಿದ್ದ ಬಂಡಿಯನ್ನು ವಾಪಸು ಕಳಿಸಿದವನು ನಾನು. ನಿಜಕ್ಕೂ ಕಣ್ಣಲ್ಲಿ ನೀರು ಬಂತು.

ತಲೆಯೆತ್ತಿದರೆ, ಊರ ಕಡೆಯಿಂದ ತಿಮ್ಮಕ್ಕಜ್ಜಿ ಬರುತ್ತಿದ್ದಾಳೆ. ಒಂದು ಕೈಯಲ್ಲಿ ಕೋಲು, ಸೊಂಟದ ಮೇಲೆ ಬಿಂದಿಗೆ. ಕುರಿಯವರು ಸುದ್ದಿ ಮುಟ್ಟಿಸಿದ್ದರಂತೆ. ಏದುಸಿರು ಬಿಡುತ್ತಾ ಹತ್ತಿರ ಬಂದು ಗಾಡಿಯನ್ನು ಸವರಿದಳು.

"ಒಂದ್ ಬಿಂದಿಗೆ ಸಾಲ್ದೇ ಹೋಯ್ತೇನೋ ಅಂತ ಇನ್ನೊಂದು ತಂದೀನಿ ನಾಯನಾ. ಕುಡಿಸು."

ಬಿಂದಿಗೆ ನೋಡಿದೆ, ಟ್ಯಾಂಕು ನೋಡಿದೆ. "ಅಜ್ಜಿ… ಇದಕ್ಕೆ ನೀರು ಹುಯ್ದೆಯಾ?"

"ಮತ್ತೆ? ಬಾಗ್ಲಿಗೆ ಬಂದ ಎತ್ತಿಗೆ ನೀರು ತೋರಿಸ್ದೆ ಕಳಿಸೋ ಮನೆ ಅಲ್ಲಪ್ಪ ನಮ್ದು. ಬಾಯಿ ನೀನೇ ತೋರಿಸ್ದೆ."

ಓಬಯ್ಯ ಟ್ಯಾಂಕಿಗೆ ಇಣುಕಿ, ಮೂಸಿ, ನನ್ನ ಕಡೆ ತಿರುಗಿದ. "ನೀರು ತಳಕ್ಕೆ ಹೋಗೈತೆ, ಎಣ್ಣೆ ಮ್ಯಾಲೆ ನಿಂತೈತೆ. ಎಣ್ಣೆ ಯಾಪಾರದ ಮನೆಯೋರು, ನಿಮಗೂ ಇದನ್ನ ನಾನೇ ಹೇಳ್ಕೊಡ್ಬೇಕಾ?"

ಮೂರು ತಲೆಮಾರಿನ ಎಣ್ಣೆ ವ್ಯಾಪಾರ ಆ ಕ್ಷಣದಲ್ಲಿ ತಲೆ ತಗ್ಗಿಸಿತು. ಟ್ಯಾಂಕಿನ ಕೆಳಗಿನ ನಳಿಕೆ ಬಿಚ್ಚಿದೆ. ತಿಳಿಯಾದ ನೀರು ಧಾರೆಯಾಗಿ ಸುರಿಯಿತು. ಅಜ್ಜಿಯ ಮೇಲೆ ರೇಗಬೇಕು ಎಂದು ಬಾಯಿ ತೆರೆದಿದ್ದೆ. ಓಬಯ್ಯ ಮೆಲ್ಲಗೆ ಅಂದ, "ಬೈಬ್ಯಾಡ್ರಿ. ಈ ಬ್ಯಾಸಿಗ್ಯಾಗೆ ಸೀನೀರಿನ ಬಾವಿ ಇರೋದು ಗುಡ್ಡದ ಆ ಕಡೆಗೆ. ಮನೆಯೋರು ಕುಡಿಯಾಕೆ ಹೊತ್ತು ತಂದಿದ್ದ ನೀರದು."

ಮಣ್ಣಿನಲ್ಲಿ ಇಂಗುತ್ತಿದ್ದ ನೀರನ್ನೇ ನೋಡುತ್ತಾ ಅಜ್ಜಿ ಅಂದಳು, "ಬ್ಯಾಡವಾಗಿದ್ರೆ ಹೇಳ್ಬಾರ್ದಾಗಿತ್ತಾ ನಾಯನಾ."

ಎರಡನೆಯ ಬಿಂದಿಗೆಗೆ ಕೈ ಚಾಚಿದೆ. ಬೆಳಗಿನಿಂದ ನನ್ನ ಗಂಟಲಿಗೆ ಒಂದು ತೊಟ್ಟು ಇಳಿದಿರಲಿಲ್ಲ ಎಂಬುದು ಆಗ ನೆನಪಾಯಿತು. ಅಜ್ಜಿ ಹುಯ್ದಳು, ನಾನು ಬೊಗಸೆಯೊಡ್ಡಿ ಗಟಗಟನೆ ಕುಡಿದೆ. ಉಳಿದದ್ದು ಓಬಯ್ಯನಿಗೆ, ಅವನ ಎತ್ತುಗಳಿಗೆ. ಅಂಥ ರುಚಿಯ ನೀರನ್ನು ಈ ಜನ್ಮದಲ್ಲಿ ಮತ್ತೆ ಕುಡಿದಿಲ್ಲ. ಅಜ್ಜಿಯ ಕಾಲಿಗೆ ಬಿದ್ದೆ. ಆಕೆಗೆ ಏಕೆಂದು ತಿಳಿಯಲಿಲ್ಲ. ಆದರೂ ಆಶೀರ್ವಾದ ಮಾಡಿದಳು.

ನಳಿಕೆಯಲ್ಲಿ ನೀರು ಮುಗಿದು ಪೆಟ್ರೋಲು ಬರುವುದನ್ನು ಕಂಡುಹಿಡಿಯಲು ಅದರ ಕೆಳಗೇ ಮುಖವಿಟ್ಟು ಕಾದಿದ್ದೆ. ಬಂತು! ಮುಖದ ಮೇಲೆ, ಎದೆಯ ಮೇಲೆ ಬಂತು. ಅವಸರವಾಗಿ ನಳಿಕೆ ಸಿಕ್ಕಿಸಿದೆ. ಏಳನೆಯ ಒದೆತಕ್ಕೆ ಗಾಡಿ ಗುಡುಗಿತು. ಓಬಯ್ಯ ಕೇಕೆ ಹಾಕಿದ. ಎತ್ತುಗಳು ಹಗ್ಗ ಕಿತ್ತುಕೊಂಡವು. ಅವನ್ನು ಹಿಡಿದುಕೊಡಲೂ ನಿಲ್ಲದೆ ಹೊರಟ ನನ್ನನ್ನು ಆತ ಕ್ಷಮಿಸಿರಲಿ.

ಮನೆ ಮುಟ್ಟಿದಾಗ ಅವ್ವ ದೀಪದ ಬತ್ತಿ ಹೊಸೆಯುತ್ತಿದ್ದಳು. ನನ್ನ ತೋಳಿಲ್ಲದ ಅಂಗಿ, ಕರಿ ಪಂಚೆ, ಕುಂಟುವ ಕಾಲು ನೋಡಿ ನೀಲಮ್ಮ ಒಂದೂ ಪ್ರಶ್ನೆ ಕೇಳಲಿಲ್ಲ; ಬಿಸಿನೀರಿಗೆ ಇಟ್ಟಳು. ಆ ಉಪಕಾರವನ್ನೂ ಮರೆತಿಲ್ಲ.

ಮರುದಿನ ಹಸೆಮಣೆಯ ಮೇಲೆ ಆ ಕೆಂಪು ಸೀರೆಯಲ್ಲಿ ಗೌರಿಯನ್ನು ಕಂಡು ನನ್ನ ಎದೆ ತುಂಬಿ ಬಂತು. ಅಷ್ಟರಲ್ಲಿ ಗಂಡಿನ ಸೋದರತ್ತೆ ಬಗ್ಗಿ ಸೆರಗು ಮುಟ್ಟಿ, ಮೂಗು ಅರಳಿಸಿ ಕೇಳಿದಳು, "ಸೀರೆ ಚೆಂದೈತೆ. ಇದೆಂಥ ವಾಸ್ನೆ?"

ಗೌರಿ ತಲೆ ತಗ್ಗಿಸಿಯೇ ನಕ್ಕಳು. "ಅದು ಸೀರೆ ವಾಸ್ನೆ ಅಲ್ಲ ಅತ್ತೆ. ನಮ್ಮಣ್ಣನ ವಾಸ್ನೆ."

ಅತ್ತೆಯ ಮೂಗು ನನ್ನ ಕಡೆ ತಿರುಗಿತು. ಸೀಗೆಕಾಯಿ ಹಾಕಿ ಎರಡು ಸಲ ಸ್ನಾನ ಮಾಡಿದ್ದೆ ಸ್ವಾಮಿ, ಆದರೂ ಆಕೆ ಹೌದೆಂದು ತಲೆಯಾಡಿಸಿದಳು!