ತೌಡಿಗೆ ಮಾರಿದ ಮಗು

ಮಕ್ಕಳನ್ನು ಬೆಳೆಸುವ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಈ ಭೂಮಿಯ ಮೇಲೆ ಏನೂ ಇಲ್ಲ ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಬೇರೆ ಯಾವುದರಲ್ಲೂ ನನಗೆ ಅಂಥ ಧೈರ್ಯ ಇರಲಿಲ್ಲ. ಓದಿದ್ದು ನಮ್ಮೂರ ಶಾಲೆಯಲ್ಲಿ, ಏಳನೇ ತರಗತಿ. ಮನೆಗೆ ಹೊಸಬರು ಬಂದರೆ ಬಾಗಿಲ ಹಿಂದೆ ನಿಂತು ಮಾತಾಡುತ್ತಿದ್ದೆ. ಕರೆಂಟಿನ ಮೀಟರು ನೋಡಲು ಬರುವವನಿಗೆ ನನ್ನ ಮುಖ ಗೊತ್ತಿರಲಿಲ್ಲ, ಬಳೆಯ ಸದ್ದು ಮಾತ್ರ ಗೊತ್ತಿತ್ತು. ಆದರೆ ಮಗು ಎಂದರೆ ಸಾಕು, ನಾನು ಮಹಾ ಪಂಡಿತೆ! ನಿಮ್ಮಮ್ಮ, ನಿಮ್ಮ ಇಬ್ಬರು ಸೋದರಮಾವಂದಿರು, ಮೂವರಿಗೂ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ನೀರು ಹಾಕಿದವಳಲ್ಲವೇ?

ಆ ಪಾಂಡಿತ್ಯ ಒಂದು ಮಧ್ಯಾಹ್ನ ಜಯನಗರದ ನಮ್ಮ ಬೀದಿಯಲ್ಲಿ ಹೇಗೆ ಮಣ್ಣುಪಾಲಾಯಿತು ಎಂಬುದನ್ನು ನಿಮ್ಮ ತಾತ ಇದ್ದಿದ್ದರೆ ಅವರೇ ಹೇಳುತ್ತಿದ್ದರು, ಉಪ್ಪು ಖಾರ ಹಚ್ಚಿ. ಅವರಿಲ್ಲ. ಹಾಗಾಗಿ ನನ್ನ ಕೈಯಡುಗೆ. ಖಾರ ಸ್ವಲ್ಪ ಕಡಿಮೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಮಹಡಿಯ ಮೇಲಿನ ಎರಡು ಕೋಣೆಗೆ ಸ್ವೀಡನ್ ದೇಶದ ಗಂಡ ಹೆಂಡತಿ ಬಾಡಿಗೆಗೆ ಬಂದರು. ಅವನು ಯೋಹಾನ್, ಅವಳು ಮಾರ್ತಾ. ಮಕ್ಕಳಿಲ್ಲದ ಅವರು ಬೆಂಗಳೂರಿನ ಒಂದು ಶಿಶು ಆಶ್ರಮದಿಂದ ದತ್ತು ಪಡೆಯಲು ಅಷ್ಟು ದೂರ ಬಂದಿದ್ದರು. ಆಶ್ರಮದವರು ಮಗುವನ್ನು ಆಗಲೇ ಇವರ ಕೈಗೆ ಕೊಟ್ಟಿದ್ದರು. ಗುಂಗುರು ಕೂದಲಿನ, ಇನ್ನೂ ಹಲ್ಲು ಬಾರದ ಹೆಣ್ಣುಮಗು. ಲೀನಾ ಎಂದು ಹೆಸರಿಟ್ಟಿದ್ದರು. ಆದರೆ ಕೋರ್ಟಿನ ಅಪ್ಪಣೆ ಬರುವ ತನಕ ಮಗುವಿನೊಂದಿಗೆ ಊರು ಬಿಡುವ ಹಾಗಿರಲಿಲ್ಲ. ನಡುವೆ ಒಬ್ಬ ಅಧಿಕಾರಿ ಮೇಡಂ ಹೇಳದೆ ಕೇಳದೆ ಬಂದು ನೋಡುತ್ತಾರಂತೆ. ಅವರ ಕಣ್ಣಿಗೆ ಸರಿ ಕಾಣದಿದ್ದರೆ ಮಗು ವಾಪಸು ಆಶ್ರಮಕ್ಕೆ!

ಈ ಭಯವೊಂದು ಬಿಟ್ಟರೆ ಆ ಗಂಡ ಹೆಂಡತಿಯಷ್ಟು ಸುಖವಾಗಿದ್ದವರನ್ನು ನಾನು ನೋಡಿಲ್ಲ. ಮಗು ಸೀನಿದರೆ ಯೋಹಾನ್ ಫೋಟೋ ತೆಗೆಯುತ್ತಿದ್ದ. ಆಕಳಿಸಿದರೆ ಫೋಟೋ. ಅವನ ಅಂಗಿಯ ಮೇಲೆ ಉಚ್ಚೆ ಹೊಯ್ದರೆ ಅಂಗಿಯದೇ ಬೇರೆ, ಮಗುವಿನದೇ ಬೇರೆ ಫೋಟೋ. ಬೆಳಗ್ಗೆ ಆರಡಿ ಎತ್ತರದ ಆ ಮನುಷ್ಯ ತಾರಸಿಯಲ್ಲಿ ನಿಂತು, ಅವರ ಭಾಷೆಯಲ್ಲಿ ಏನೋ ಹಾಡಿಕೊಳ್ಳುತ್ತ, ಮಗುವಿನ ಬಟ್ಟೆಗಳನ್ನು ಹಿಂಡಿ ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದ. ಎದುರು ಮನೆಗಳ ಹೆಂಗಸರು ತಮ್ಮ ಗಂಡಂದಿರನ್ನು ಕಿಟಕಿಗೆ ಕರೆತಂದು ತೋರಿಸುತ್ತಿದ್ದರು.

ನಾನೂ ನಿಮ್ಮ ತಾತನಿಗೆ ತೋರಿಸಿದೆ. "ಏನೂಂದ್ರೆ, ನೋಡಿದ್ರಾ? ಗಂಡಸು ಅಂದ್ರೆ ಹಾಗಿರ್ಬೇಕು."

"ಅವರ ದೇಶದಲ್ಲಿ ಬಿಸಿಲಿಲ್ಲ ಕಣೆ ಕಮಲಾ. ಪಾಪ, ಬಟ್ಟೆ ಒಣಗೋದನ್ನ ಈಗ್ಲೇ ನೋಡ್ತಿರೋದು," ಎಂದು ಅವರು ಪೇಪರನ್ನು ಇನ್ನೂ ಅಗಲವಾಗಿ ಬಿಡಿಸಿಕೊಂಡರು.

ಸಂಜೆ ಹೊತ್ತು ಆ ಗಂಡ ಹೆಂಡತಿ ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ನಾಲ್ಕನೇ ಬ್ಲಾಕಿನ ಅಂಗಡಿಗಳ ತನಕ ಹೋಗುತ್ತಿದ್ದರು. ಹೂವಿನವರು, ಸೊಪ್ಪಿನವರು, ಬಸ್ಸಿಗೆ ನಿಂತವರು, ಎಲ್ಲರೂ ಕೆನ್ನೆ ಮುಟ್ಟುವವರೇ, "ಅಯ್ಯೋ ಮುದ್ದೇ" ಎನ್ನುವವರೇ. ಇದೇ ನನಗೆ ಸರಿಬರಲಿಲ್ಲ. ಅಷ್ಟೂ ಜನರ ಕಣ್ಣು ಒಂದು ಹಿಡಿ ಮಗುವಿನ ಮೇಲೆ ಬಿದ್ದರೆ ಅದರ ಗತಿ ಏನು?

ಮಾರ್ತಾಗೆ ನಾನೆಂದರೆ ಬಹಳ ನಂಬಿಕೆ. ಏನು ಹೇಳಿದರೂ "ಸರಿ ಅಮ್ಮಾ" ಎನ್ನುತ್ತಿದ್ದಳು. ಅವಳ ಕನ್ನಡದಲ್ಲಿ ಮುಕ್ಕಾಲು ಭಾಗ ಆ ಎರಡು ಪದವೇ. ಕಾಲು ಚಾಚಿ ಮಗುವಿಗೆ ನೀರು ಹಾಕುವುದನ್ನು ನೋಡಿ ಕಲಿತಳು. ರಾಗಿ ಸರಿ ತಿನ್ನಿಸುವುದನ್ನು ಕಲಿತಳು. ಸಾಂಬ್ರಾಣಿ ಹೊಗೆ ಹಾಕುವುದನ್ನು ಕಲಿಸಿದ ದಿನ ಮಾತ್ರ ಯೋಹಾನ್ ಮೆಟ್ಟಿಲು ಹತ್ತಿ ಬಂದವನು, ಕೋಣೆಯ ತುಂಬ ಹೊಗೆ ನೋಡಿ, ಬಕೆಟ್ಟಿನ ನೀರನ್ನು ಕೆಂಡಕ್ಕೆ ಸುರಿದುಬಿಟ್ಟ. ಅರ್ಧ ಕೆಂಡಕ್ಕೆ, ಅರ್ಧ ನನಗೆ. ಆಮೇಲೆ ಅದರದೂ ಫೋಟೋ ತೆಗೆದ. ನಿಮ್ಮ ತಾತ ಅವತ್ತೇ ಹೇಳಿದ್ದರು, "ಅವರ ಮಗು, ಅವರು ನೋಡ್ಕೋತಾರೆ. ನೀನು ಸ್ವಲ್ಪ ಸುಮ್ನಿರು ಕಮಲಾ."

"ನಾನೇನ್ರೀ ಮಾಡ್ತೀನಿ?" ಎಂದೆ. ನಿಜವಾಗಿಯೂ ಆಗ ನನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲ.

ಮಾರನೆಯ ವಾರ ಲೀನಾ ಒಂದು ಬೆಳಗ್ಗೆ ಹಾಲು ಕುಡಿಯದೆ ಮುಖ ತಿರುಗಿಸಿದಳು. ಹಲ್ಲು ಬರುವ ಮಗು, ವಸಡು ಕಡಿದಿರಬೇಕು. ಆದರೆ ಪಂಡಿತೆಗೆ ವಸಡು ಕಾಣುತ್ತದೆಯೇ? ದೃಷ್ಟಿ ಎಂದು ತೀರ್ಪು ಕೊಟ್ಟೆ. ಪಕ್ಕದ ಮನೆಯ ನಂಜಮ್ಮ, ಹಿತ್ತಲಲ್ಲಿ ಹಸು ಕಟ್ಟಿ ಬೀದಿಗೆಲ್ಲ ಹಾಲು ಕೊಡುತ್ತಿದ್ದವರು, ಗಟ್ಟಿ ಗಂಟಲಿನವರು, ನನ್ನ ತೀರ್ಪನ್ನು ಎತ್ತಿಹಿಡಿದರು.

"ದೃಷ್ಟಿ ಅಂದ್ರೆ ಸಾಮಾನ್ಯ ದೃಷ್ಟಿ ಅಲ್ಲ ಕಮಲಮ್ಮೋರೇ. ಮೆಣಸಿನಕಾಯಿಗೆಲ್ಲ ಹೋಗಲ್ಲ ಇದು. ಮಾರಬೇಕು."

"ನಾನೂ ಅದನ್ನೇ ಅಂದ್ಕೊಂಡೆ ನಂಜಮ್ಮನೋರೇ."

ನಿಮಗೆ ಇದು ಗೊತ್ತಿರಲಾರದು. ನಮ್ಮ ಕಡೆ ಬಹಳ ಹಂಬಲಿಸಿ ಪಡೆದ ಮಗುವಿಗೆ ಏನೂ ಕೆಟ್ಟದಾಗದಿರಲಿ ಎಂದು ಒಂದು ಶಾಸ್ತ್ರ ಮಾಡುತ್ತಿದ್ದರು. ಮಗುವನ್ನು ಮೊರದಲ್ಲಿ ಮಲಗಿಸಿ ತಾಯಿ ಅದನ್ನು ನೆರೆಯವಳಿಗೆ "ಮಾರುವುದು". ನೆರೆಯವಳು ಒಂದು ಹಿಡಿ ತೌಡು ಕೊಟ್ಟು "ಕೊಳ್ಳುವುದು". ಕೊಂಡವಳು ಸ್ವಲ್ಪ ಹೊತ್ತು ತನ್ನ ಮನೆಯಲ್ಲಿಟ್ಟುಕೊಂಡು, ತೌಡು ವಾಪಸು ಪಡೆದು, ಸಾಕಲು ಕೊಟ್ಟಂತೆ ತಾಯಿಗೇ ಹಿಂದಿರುಗಿಸುವುದು. ಮಗುವಿನ ಮೇಲೆ ಕಣ್ಣಿಟ್ಟ ಕೇಡು, "ಓಹೋ, ತೌಡಿನ ಬೆಲೆಯ ಮಗು, ಅದೂ ಇವರದಲ್ಲ" ಎಂದುಕೊಂಡು ಮುಂದೆ ಹೋಗಬೇಕು. ನಡುವೆ ಯಾರು ಕೇಳಿದರೂ ಕೊಂಡವಳು ಮಗು ತನ್ನದೇ ಎಂದು ಗಟ್ಟಿಯಾಗಿ ಹೇಳಬೇಕು. ಇದು ಸದರಿ ಶಾಸ್ತ್ರದ ಮುಖ್ಯ ನಿಯಮ.

ನಿಮ್ಮ ತಾತ ಆಫೀಸಿಗೆ ಹೋದ ಮೇಲೆ ಶುರು ಮಾಡಿದೆವು. ಇಂಗ್ಲಿಷ್ ಬಲ್ಲವರು ಮನೆಯಲ್ಲಿ ಅವರೊಬ್ಬರೇ ಎಂಬುದು ನನಗೆ ಹೊಳೆಯಲಿಲ್ಲ. ಕೈಸನ್ನೆ ಇದೆಯಲ್ಲ! ಮಗುವನ್ನು ತೋರಿಸಿದೆ, ನಂಜಮ್ಮನನ್ನು ತೋರಿಸಿದೆ, ತೌಡು ತೋರಿಸಿದೆ, ಆಕಾಶ ತೋರಿಸಿದೆ. ಮಾರ್ತಾ, "ಸರಿ ಅಮ್ಮಾ" ಎಂದಳು. ನಂಜಮ್ಮ ಮಗುವಿಗೆ ಕರು ತೋರಿಸಲು ಕರೆದೊಯ್ಯುತ್ತಾರೆ, ತೌಡು ಅವರ ಪ್ರೀತಿಯ ಉಡುಗೊರೆ ಎಂದು ಅವಳು ತಿಳಿದಿದ್ದಳು ಎಂಬುದು ಅವತ್ತು ಸಂಜೆ ಗೊತ್ತಾಯಿತು. ತಾಯಿ ಮೂರು ಸಲ ಹೇಳಬೇಕಾದ ಮಾತನ್ನು ನಾನು ಬಾಯಿಪಾಠ ಮಾಡಿಸಿದೆ. ಚುರುಕಾದ ಹುಡುಗಿ. ಅಚ್ಚುಕಟ್ಟಾಗಿ ಕಲಿತಳು.

ಲೀನಾ ಮೊರದಲ್ಲಿ ಮಲಗಿ ಕಾಲು ಬಡಿದಳು. ತೌಡು ಕೈ ಬದಲಾಯಿತು. ಯೋಹಾನ್ ಫೋಟೋ ತೆಗೆದ. ನಂಜಮ್ಮ ಮಗುವನ್ನೆತ್ತಿಕೊಂಡು ತಮ್ಮ ಮನೆಗೆ ಹೋದರು. ಎಲ್ಲವೂ ಶಾಸ್ತ್ರೋಕ್ತ.

ಗೇಟಿನ ಸದ್ದಾಯಿತು. ಅಧಿಕಾರಿ ಮೇಡಂ!

ಗಂಜಿ ಹಾಕಿದ ಸೀರೆ, ಕಂಕುಳಲ್ಲಿ ಚರ್ಮದ ಚೀಲ. ನಾನು ಒಂದೇ ನೆಗೆತಕ್ಕೆ ಬಾಗಿಲ ಹಿಂದೆ ಸೇರಿಕೊಂಡೆ. ಅವರು ಮಾರ್ತಾಳನ್ನು ಇಂಗ್ಲಿಷಿನಲ್ಲಿ ಏನೋ ವಿಚಾರಿಸಿದರು. ಆಮೇಲೆ, ಇವಳು ಎಷ್ಟು ಕನ್ನಡ ಕಲಿತಿದ್ದಾಳೆ ನೋಡೋಣ ಎಂದೋ ಏನೋ, ನಗುತ್ತ ಕೇಳಿದರು, "ಮಗು ಎಲ್ಲಿ?"

ಆ ಎರಡು ಪದ ಮಾರ್ತಾಗೆ ಗೊತ್ತಿತ್ತು. ಅವಳ ಮುಖ ಅರಳಿತು.

"ಮಾರಿದೆ!"

ಮೇಡಂ ಮುಖದ ನಗು ಹಾಗೇ ನಿಂತಿತು. "ಏನಂದ್ರಿ?"

ಉಚ್ಚಾರಣೆ ತಪ್ಪಿತೇನೋ ಎಂದು ಮಾರ್ತಾ ನಿಧಾನವಾಗಿ, ಸ್ಪಷ್ಟವಾಗಿ ಒಪ್ಪಿಸಿದಳು. "ಮಾರಿದೆ. ಮಾರಿದೆ. ಮಾರಿದೆ." ಯೋಹಾನ್ ಹೆಮ್ಮೆಯಿಂದ ತೌಡಿದ್ದ ಮೊರವನ್ನು ಮುಂದೆ ಹಿಡಿದು, "ತೌಡು!" ಎಂದ.

ಮೇಡಂ ಕುರ್ಚಿ ಹುಡುಕಿದರು. ಬಾಗಿಲ ಹಿಂದೆ ನನ್ನ ಬಳೆ ನಡುಗಿ ಸದ್ದು ಮಾಡಿತು.

"ಯಾರ್ರೀ ಅಲ್ಲಿ? ಈಚೆ ಬನ್ನಿ!"

ಬಂದೆ. ಸೆರಗು ತಲೆಯ ಮೇಲಿತ್ತು.

"ಏನು ನಡೀತಿದೆ ಈ ಮನೇಲಿ? ಮಗು ಮಾರಿದ್ದು ಯಾರು?"

"ಅವರು... ಅಂದ್ರೆ ಅವರಲ್ಲ ಮೇಡಂ. ಮಾರಿಸಿದ್ದು ನಾನು."

"ನೀವಾ! ಇದೇ ಮೊದಲನೇ ಸಲಾನಾ?"

"ಇಲ್ಲ ಮೇಡಂ. ನಮ್ಮೂರಲ್ಲಿ ಬಹಳ ಜನ ಮಾರ್ತಾರೆ. ನನ್ನನ್ನೂ ಮಾರಿದ್ರು."

ಮಾತೇ ಬರದವಳಿಗೆ ಬರುವ ಮಾತು ಇಂಥದ್ದೇ! ಮೇಡಂ ಧಡಕ್ಕನೆ ಎದ್ದರು. "ಪೊಲೀಸಿಗೆ ಆಮೇಲೆ ಹೇಳ್ತೀನಿ. ಮೊದಲು ಮಗು ತೋರ್ಸಿ."

ನಾವೆಲ್ಲ ಪಕ್ಕದ ಮನೆಯ ಹಿತ್ತಲಿಗೆ ಹೊರಟೆವು. ಮುಂದೆ ಮೇಡಂ, ಹಿಂದೆ ಓಡುನಡಿಗೆಯಲ್ಲಿ ನಾನು, ನನ್ನ ಹಿಂದೆ ನಗುನಗುತ್ತ ಮಾರ್ತಾ, ಕೊನೆಯಲ್ಲಿ ಮೊರ ಹಿಡಿದ ಯೋಹಾನ್. ನಂಜಮ್ಮ ಕೊಟ್ಟಿಗೆಯಲ್ಲಿ ಮಗುವಿಗೆ ಕರುವಿನ ಕಿವಿ ಹಿಡಿಸುತ್ತಿದ್ದರು.

"ಯಾರ್ದಮ್ಮ ಮಗು ಇದು?" ಎಂದರು ಮೇಡಂ.

ಮುಖ್ಯ ನಿಯಮ ಮರೆಯುವವರೇ ನಂಜಮ್ಮ? "ನಂದು! ಯಾಕೆ?"

"ನಿಮ್ದು ಹೇಗಾಗುತ್ತೆ?"

"ನ್ಯಾಯವಾಗಿ ತಗೊಂಡಿರೋದು. ತೌಡು ಕೊಟ್ಟಿದ್ದೀನಿ. ಹೊಟ್ಟು ಸೇರಿಸಿದ ತೌಡಲ್ಲ, ಒಳ್ಳೆ ತೌಡು!"

ನಾನು ಮೇಡಂ ಬೆನ್ನ ಹಿಂದಿನಿಂದ ಎರಡೂ ಕೈ ಎತ್ತಿ ಬೇಡ ಬೇಡ ಎಂದು ಆಡಿಸಿದೆ. ಇನ್ನೂ ಜೋರಾಗಿ ಹೇಳು ಎಂದೆನೆಂದು ಅವರು ತಿಳಿದರು. ನನ್ನ ಕಡೆ ಕಣ್ಣು ಮಿಟುಕಿಸಿ, ಬೀದಿಗೆಲ್ಲ ಕೇಳುವಂತೆ ಕೂಗಿದರು, "ಈ ಬಿಳೀ ಹೆಂಗಸಿಗೂ ಈ ಮಗೀಗೂ ಏನೇನೂ ಸಂಬಂಧ ಇಲ್ಲ!"

"ಸರಿ," ಎಂದರು ಮೇಡಂ, ಬಹಳ ಮೆಲ್ಲಗೆ. "ಮಗು ಈಗ್ಲೇ ಆಶ್ರಮಕ್ಕೆ ವಾಪಸ್ ಬರುತ್ತೆ." ನಂಜಮ್ಮನ ಕೈಯಿಂದ ಲೀನಾಳನ್ನು ಎತ್ತಿಕೊಂಡೇಬಿಟ್ಟರು.

ಆ ಮಾತಿನಲ್ಲಿ ಆಶ್ರಮ ಎಂಬ ಪದವೊಂದು ಮಾರ್ತಾಗೆ ಗೊತ್ತಿತ್ತು. ಅವಳ ಮುಖದಲ್ಲಿದ್ದ ರಕ್ತವೆಲ್ಲ ಇಳಿದುಹೋಯಿತು. ಸಗಣಿಯಲ್ಲಿ ಚಪ್ಪಲಿ ಕಚ್ಚಿಕೊಂಡರೂ ನಿಲ್ಲದೆ ಬರಿಗಾಲಲ್ಲಿ ಬಂದು ಎರಡು ಕೈ ಚಾಚಿ ನಿಂತಳು. ಅಷ್ಟರಲ್ಲಿ ಮಗು ಹೊಸ ಮುಖ ನೋಡಿ ಕಿಟಾರನೆ ಕಿರುಚಿತು. ಮೇಡಂ ಹಿಡಿತದಲ್ಲಿ ಮೀನಿನ ಹಾಗೆ ಹೊರಳಿ, ಮಾರ್ತಾಳ ಕೂದಲನ್ನು ಹಿಡಿದು, ಅವಳ ಹೆಗಲಿಗೆ ಹಾರಿಕೊಂಡಿತು. ಆ ಕ್ಷಣವೇ ಅಳು ನಿಂತಿತು. ಮಾರ್ತಾ ಬೆನ್ನು ತಟ್ಟುತ್ತ ಅವರ ಭಾಷೆಯಲ್ಲಿ ಏನೋ ಗುನುಗಿದಳು. ಅವಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಯೋಹಾನ್ ಕ್ಯಾಮೆರಾ ಮುಟ್ಟಲಿಲ್ಲ.

ಮೇಡಂ ಖಾಲಿ ಕೈಯಲ್ಲಿ ನಿಂತು ಇದನ್ನು ನೋಡಿದರು. ಆಗ, ಮಕ್ಕಳೇ, ನನಗೆ ಎಲ್ಲಿಂದಲೋ ಮಾತು ಬಂತು. ಗುರುತಿಲ್ಲದವರ ಮುಂದೆ ಅಷ್ಟು ಮಾತು ನಾನು ಹುಟ್ಟಿದಾಗಿನಿಂದ ಆಡಿರಲಿಲ್ಲ. ದೃಷ್ಟಿ, ಮೊರ, ತೌಡು, ಕೇಡಿಗೆ ಮೋಸ ಮಾಡುವ ಉಪಾಯ, ಎಲ್ಲವನ್ನೂ ಒಂದೇ ಉಸಿರಿಗೆ ಸುರಿದೆ. "ಅವರಿಗೆ ಏನೂ ಗೊತ್ತಿಲ್ಲ ಮೇಡಂ. ಬೈಯೋದಾದ್ರೆ ನನ್ನ ಬೈರಿ. ಮಗು ಮಾತ್ರ ಕಿತ್ಕೋಬೇಡಿ."

ಮೇಡಂ ಹಣೆ ಒರೆಸಿಕೊಂಡರು. "ಇದನ್ನ ಮೊದಲೇ ಹೇಳಕ್ಕಾಗ್ಲಿಲ್ವೇನ್ರೀ?"

"ನಾಚಿಕೆ, ಮೇಡಂ."

"ಮಗು ಮಾರಿಸೋವಾಗ ಎಲ್ಲಿ ಹೋಗಿತ್ತು ನಾಚಿಕೆ?"

ನಾನು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ. ನಂಜಮ್ಮನಲ್ಲಿ ಮಾತ್ರ ಇನ್ನೂ ತಕರಾರಿತ್ತು. "ಅದೆಲ್ಲ ಸರಿ, ಶಾಸ್ತ್ರ ಅರ್ಧಕ್ಕೆ ಬಿಡಬಾರ್ದು. ನನ್ನ ತೌಡು ವಾಪಸ್ ಕೊಟ್ಟು ಮಗು ತಗೊಂಡು ಹೋಗ್ಲಿ!"

"ಕೊಟ್ಟುಬಿಡಿ ತಾಯಿ, ಮೊದಲು ಆ ತೌಡು ಕೊಟ್ಟುಬಿಡಿ!" ಎಂದು ಮೇಡಂ ತಾವೇ ಮೊರಕ್ಕೆ ಕೈ ಹಾಕಿದರು. ಮೊರ ಖಾಲಿ. ಯೋಹಾನ್ ಮೈಮರೆತು ನಿಂತಿದ್ದಾಗ ನಂಜಮ್ಮನ ಹಸು ಕತ್ತು ಚಾಚಿ ಅಷ್ಟನ್ನೂ ನೆಕ್ಕಿಬಿಟ್ಟಿತ್ತು. ನಂಜಮ್ಮ ಹಸುವನ್ನೊಮ್ಮೆ, ಮೊರವನ್ನೊಮ್ಮೆ ನೋಡಿ, "ಮನೆಗೇ ಬಂತಲ್ಲ, ಸರಿಹೋಯ್ತು," ಎಂದು ವ್ಯವಹಾರ ಚುಕ್ತಾ ಮಾಡಿದರು. ಮೇಡಂ ನಗು ತಡೆಯಲು ಬಾಯಿಗೆ ಸೆರಗು ಹಿಡಿದದ್ದನ್ನು ನಾನು ಕಂಡೆ.

ಹೊರಡುವಾಗ ಅವರು ಮತ್ತೆ ಅಧಿಕಾರಿಯಾದರು. "ಇವರಿಬ್ಬರೂ ಒಳ್ಳೇ ಅಪ್ಪ ಅಮ್ಮ. ನನಗೆ ಯಾವ ಅನುಮಾನಾನೂ ಇಲ್ಲ. ಮಗು ಇವರ ಹತ್ರಾನೇ ಇರಲಿ. ಆದ್ರೆ ಒಂದು ಷರತ್ತು." ಬೆರಳು ನನ್ನ ಕಡೆ ತಿರುಗಿತು. "ಕೋರ್ಟಿನ ಆರ್ಡರ್ ಬರೋ ತನಕ ಈ ಮಗೂನ ನಿಮ್ಮೊಬ್ಬರ ಕೈಗೇ ಬಿಡೋ ಹಾಗಿಲ್ಲ."

ಅಪ್ಪಣೆ ಸರಿಯಾಗಿಯೇ ಬಂತು. ಲೀನಾ ಕೆಳಗಿನ ಎರಡು ಹಲ್ಲು ತೋರಿಸುತ್ತ ಅಪ್ಪ ಅಮ್ಮನ ಜೊತೆ ವಿಮಾನ ಹತ್ತಿದಳು. ಅಲ್ಲಿಯವರೆಗೆ ನಾನು ಕೈ ಚಾಚಿದಾಗಲೆಲ್ಲ ಮಾರ್ತಾ ನಾಚಿಕೊಂಡು, "ಸರಿ ಅಮ್ಮಾ" ಎಂದು ಮಗುವನ್ನು ಕೊಟ್ಟು, ಯೋಹಾನನನ್ನು ಕರೆದು ನನ್ನ ಪಕ್ಕದಲ್ಲಿ ನಿಲ್ಲಿಸುತ್ತಿದ್ದಳು. ಆರಡಿ ಕಾವಲು!

ಷರತ್ತು ಬಿದ್ದ ದಿನ ಸಂಜೆ ಎಲ್ಲವನ್ನೂ ನಿಮ್ಮ ತಾತನಿಗೆ ಹೇಳಿಕೊಂಡು ಅತ್ತೆ. "ನೋಡಿ, ಮೂರು ಹೆತ್ತು ಸಾಕಿದವಳು ನಾನು. ಸರ್ಕಾರದವರು ಬಂದು ನೋಡಿ, ಇಡೀ ಮನೇಲಿ ಮಗು ಎತ್ಕೊಳ್ಳೋ ಯೋಗ್ಯತೆ ಇಲ್ಲದೋಳು ನಾನೊಬ್ಳೇ ಅಂದುಬಿಟ್ರಲ್ಲ!"

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಹೇಳಿದರು, "ಸದ್ಯ! ಆಯಮ್ಮ ನಮ್ಮ ಮೂರೂ ಬೆಳೆದ ಮೇಲೆ ಬಂದ್ರು. ಮೊದಲೇ ಬಂದಿದ್ರೆ ಒಂದನ್ನೂ ನಿನ್ನ ಹತ್ರ ಬಿಡ್ತಿರಲಿಲ್ಲ."

ಯೋಚಿಸಿ ನೋಡಿದರೆ ನನಗೂ ಹಾಗೇ ಅನ್ನಿಸಿತು.