ಸೊಸೆಯ ಫೋನಿನೊಳಗೆ ನನ್ನ ಸವತಿ

ವಯಸ್ಸಾದ ಮೇಲೆ ಹೊಟ್ಟೆಕಿಚ್ಚು ತಾನಾಗಿ ಆರಿಹೋಗುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಮೊಣಕಾಲು ಸವೆದ ಹಾಗೆ, ಕೂದಲು ಉದುರಿದ ಹಾಗೆ ಅದೂ ಒಂದು ದಿನ ಸದ್ದಿಲ್ಲದೆ ಕಡಿಮೆಯಾಗುತ್ತದೆ ಅಂತ. ಆಗುವುದಿಲ್ಲ, ಮೈ ಡಿಯರ್. ಯಾರ ಮೇಲೆ ಅನ್ನುವುದಷ್ಟೇ ಬದಲಾಗುತ್ತದೆ. ಕಾನ್ವೆಂಟಿನಲ್ಲಿದ್ದಾಗ ಪಿಯಾನೋ ನುಡಿಸುವ ಹುಡುಗಿಯ ಉದ್ದ ಬೆರಳುಗಳ ಮೇಲಿತ್ತು. ಮದುವೆಯಾಗಿ ಚಳ್ಳಕೆರೆಗೆ ಬಂದಾಗ ವಾರಗಿತ್ತಿಯ ಅವಲಕ್ಕಿ ಸರದ ಮೇಲೆ ಬಂತು. ಈಗ ಒಂದು ಮೊಬೈಲ್ ಆ್ಯಪ್ ಮೇಲೆ ಬಂದು ಕೂತಿದೆ. ಮಗನನ್ನು ಕಿತ್ತುಕೊಂಡಿದ್ದಕ್ಕಲ್ಲ, ಮಗನನ್ನು ಯಾರು ಬೇಕಾದರೂ ಕಿತ್ತುಕೊಳ್ಳಲಿ, ಅವನು ತನ್ನ ಶೇಂಗಾ ಎಣ್ಣೆ ಅಂಗಡಿಯಿಂದ ಬಂದು ಊಟ ಮಾಡಿ ಮಲಗುವ ಪ್ರಾಣಿ. ಅದು ಕಿತ್ತುಕೊಂಡದ್ದು ನನ್ನ ಸೊಸೆಯನ್ನು.

ಸೊಸೆ ವೀಣಾ ಮೊಳಕಾಲ್ಮೂರಿನಲ್ಲಿ ಹೈಸ್ಕೂಲ್ ಮ್ಯಾಥ್ಸ್ ಟೀಚರ್. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಸಂಜೆ ಬಂದವಳೇ ಬ್ಯಾಗು ಎಸೆದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತರೆ ನಾನು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಟೀ ಮುಂದಿಡುತ್ತಿದ್ದೆ. ಆಮೇಲೆ ಶುರು. ಹೆಡ್‌ಮಾಸ್ಟರ್ ಏನಂದರು, ಸ್ಟಾಫ್ ರೂಮಿನ ಫ್ಯಾನು ಯಾರ ತಲೆಯ ಮೇಲೆ ತಿರುಗಬೇಕೆಂದು ಏನು ಜಗಳವಾಯಿತು, ಎಲ್ಲ. ನಾನೂ ಜೀವಮಾನವೆಲ್ಲ ಇಂಗ್ಲಿಷ್ ಪಾಠ ಮಾಡಿ ರಿಟೈರ್ ಆದವಳು. ಆ ಅರ್ಧ ಗಂಟೆ ನನಗೆ ಮತ್ತೆ ಸ್ಟಾಫ್ ರೂಮಿನ ಕುರ್ಚಿ ಸಿಕ್ಕ ಹಾಗೆ ಇರುತ್ತಿತ್ತು.

ಹೀಗಿರುವಾಗ ಅವರ ಶಾಲೆಯಲ್ಲಿ ಯಾರೋ ಬಂದು ಟೀಚರುಗಳಿಗೂ ಮಕ್ಕಳ ಅಪ್ಪ ಅವ್ವಂದಿರಿಗೂ ಮನಸ್ಸಿನ ನೆಮ್ಮದಿಗೆ ಅಂತ ಒಂದು ಆ್ಯಪ್ ಹಾಕಿಕೊಟ್ಟು ಹೋದರು. ಅವತ್ತಿನಿಂದ ವೀಣಾ ಟೀ ಲೋಟ ಎತ್ತಿಕೊಂಡು ಸೀದಾ ಹಿತ್ತಲಿಗೆ. ಅಲ್ಲಿ ಒಗೆಯುವ ಕಲ್ಲಿನ ಮೇಲೆ ಕೂತು ಫೋನಿನ ಜೊತೆ ಪಿಸಿಪಿಸಿ. ಫೋನಿನೊಳಗಿನ ಹೆಣ್ಣು ದನಿ ಜೇನಿನ ಹಾಗೆ ಕೇಳುತ್ತದೆ: “ಇಂದು ನಿಮಗೆ ಹೇಗನ್ನಿಸುತ್ತಿದೆ? ನಿಧಾನವಾಗಿ ಉಸಿರು ಬಿಡಿ.” ಉಸಿರು ಬಿಡುವುದನ್ನು ಹೇಳಿಕೊಡಲು ಇವಳು ಯಾರು? ನಾನು ಕಿಟಕಿಯ ಹತ್ತಿರ ನಿಂತು ಕೊತ್ತಂಬರಿ ಬಿಡಿಸುತ್ತಿದ್ದೆ. ಒಂದು ಕಟ್ಟು ಕೊತ್ತಂಬರಿಯನ್ನು ಅಷ್ಟು ನಿಧಾನವಾಗಿ ಜಗತ್ತಿನಲ್ಲಿ ಯಾರೂ ಬಿಡಿಸಿರಲಿಕ್ಕಿಲ್ಲ.

ಕೊನೆಗೆ ತಡೆಯಲಾರದೆ, “ನನ್ನ ಫೋನಿಗೂ ಅದನ್ನ ಹಾಕಿಕೊಡಮ್ಮ,” ಅಂದೆ.

“ನಿಮಗ್ಯಾಕೆ ಅತ್ತೆ? ನಿಮಗೇನ್ ಟೆನ್ಷನ್ ಐತೆ?”

“ಯಾಕೆ, ನನಗೆ ಮೈಂಡ್ ಇಲ್ವಾ?”

ಹಾಕಿಕೊಟ್ಟಳು. ದಿನಕ್ಕೊಮ್ಮೆ ಅದು ನಗುವ, ಅಳುವ ಮುಖಗಳನ್ನು ಸಾಲಾಗಿ ತೋರಿಸಿ ‘ನೀವು ಹೇಗಿದ್ದೀರಿ’ ಎಂದು ಕೇಳುತ್ತದೆ. ಈಗ ನೋಡಿ, ನಮ್ಮ ಕಾನ್ವೆಂಟಿನಲ್ಲಿ ಸಿಸ್ಟರ್ ‘ಹೌ ಆರ್ ಯೂ’ ಅಂದರೆ ‘ವೆರಿ ವೆಲ್, ಥ್ಯಾಂಕ್ಯೂ ಸಿಸ್ಟರ್’ ಅನ್ನಲೇಬೇಕಿತ್ತು. ಕೆಪ್ಪಟೆರಾಯ ಬಂದು ಕೆನ್ನೆ ಬನ್ನಿನ ಹಾಗೆ ಊದಿಕೊಂಡಿದ್ದಾಗಲೂ ನಾನು ಹಾಗೇ ಅಂದಿದ್ದೆ. ಆ ಅಭ್ಯಾಸ ಬಿಡುತ್ತದೆಯೇ? ಹೊಟ್ಟೆಯೊಳಗೆ ಕೆಂಡ ಉರಿಯುತ್ತಿದ್ದರೂ ದಿನಾ ಎಲ್ಲಕ್ಕಿಂತ ದೊಡ್ಡದಾಗಿ ನಗುವ ಮುಖವನ್ನೇ ಒತ್ತಿದೆ. ಆ್ಯಪ್ ನನ್ನನ್ನು ಹೊಗಳಿದ್ದೇ ಹೊಗಳಿದ್ದು. ಪರದೆಯ ಮೇಲೆ ನನ್ನ ಹೆಸರಿನ ಕುಂಡದಲ್ಲಿ ಗುಲಾಬಿ ಮೇಲೆ ಗುಲಾಬಿ ಅರಳಿಸಿತು. ಫಸ್ಟ್ ರ‍್ಯಾಂಕ್ ಬಂದವಳ ಹಾಗೆ ಓಡಿಹೋಗಿ ಹಿತ್ತಲಲ್ಲಿದ್ದ ವೀಣಾಗೆ ತೋರಿಸಿದೆ. “ನಿಂದು ಎಲ್ಲಿ, ತೋರಿಸು.”

ತೋರಿಸಿದಳು. ಅವಳ ಕುಂಡದಲ್ಲಿ ಒಂದು ಕಡ್ಡಿ, ಅದಕ್ಕೆ ಜೋತುಬಿದ್ದ ಒಂದೆಲೆ.

“ಏನೇ ಇದು?”

“ಏನಿಲ್ಲ ಬಿಡ್ರಿ.”

“ಆ ಫೋನಿಗೆ ಹೇಳ್ತೀಯ, ನನಗೆ ಹೇಳಲ್ಲ?”

ವೀಣಾ ಫೋನನ್ನು ಮಡಿಲಲ್ಲಿಟ್ಟು, “ನಿಮಗೆ ಹೇಳೋಕೆ ಶುರು ಮಾಡಿದ್ರೆ ನೀವು ‘ನಮ್ಮ ಸ್ಕೂಲಲ್ಲಿ ಒಂದ್ಸಲ ಏನಾಯ್ತು ಅಂದ್ರೆ’ ಅಂತೀರಿ ಅತ್ತೆ. ಆಮೇಲೆ ನನ್ನ ಕಥೆ ಅಲ್ಲೇ ಉಳಿಯತ್ತೆ,” ಅಂದಳು. ಬೇಸರದಿಂದಲ್ಲ, ಪ್ರೀತಿಯಿಂದಲೇ ಅಂದಳು. ಅದಕ್ಕೇ ಇನ್ನೂ ಚುಚ್ಚಿತು.

ಸರಿ, ಆ್ಯಪ್ ಮಾಡುವ ಕೆಲಸ ನನಗೆ ಬರುವುದಿಲ್ಲವೇ ಎಂಬ ಹಟ ಬಂತು. ಮರುದಿನ ಸಂಜೆ ಅವಳನ್ನು ಹೊಸ್ತಿಲ ಮೇಲೆ ಕೂರಿಸಿ, “ಇವತ್ತು ಹೇಗನ್ನಿಸ್ತೈತಮ್ಮ?” ಅಂತ ಕೇಳಿ, ಬಾಯಿಗೆ ಒಂದು ಇಡೀ ಮೆಣಸಿನಕಾಯಿ ಬಜ್ಜಿ ತುರುಕಿಕೊಂಡೆ.

ಅವಳು ಹೇಳಿದಳು. ಒಂಬತ್ತನೇ ಕ್ಲಾಸಿನ ಲಕ್ಷ್ಮಿ ಎಂಬ ಹುಡುಗಿ ಹೋಮ್‌ವರ್ಕ್ ಮಾಡಿರಲಿಲ್ಲವಂತೆ. ಇವಳು ಎಲ್ಲರ ಮುಂದೆ ಬೈದಳಂತೆ. ಮರುದಿನ ಹುಡುಗಿಯ ತಾಯಿ ಬಂದರು. ಮನೆಯಲ್ಲೇ ರೇಷ್ಮೆ ಸೀರೆ ನೇಯುವವರು, ಮನೆಮಾತು ತೆಲುಗು. ಜಗಳವಾಡಲಿಲ್ಲ. “ಚಾಲು ಟೀಚರಮ್ಮ, ಇಂಕ ಚಾಲು, ಓದಿದ್ದು ಸಾಕು. ನಾಳೆಯಿಂದ ಮಗ್ಗದ ಮುಂದೆ ಕೂರಿಸ್ಕೊಂತೀನಿ,” ಅಂದು ಹೊರಟುಹೋದರು. ಅಂದಿನಿಂದ ಎರಡನೇ ಬೆಂಚಿನ ತುದಿ ಖಾಲಿ. “ಆ ಅವ್ವನ ಫೋನಲ್ಲೂ ಇದೇ ಆ್ಯಪ್ ಐತೆ ಅತ್ತೆ. ನಾನೂ ಅದಕ್ಕೇ ಹೇಳ್ಕೊಂತೀನಿ, ಆಕೆನೂ ಅದಕ್ಕೇ ಹೇಳ್ಕೊಂತಾಳೇನೋ. ಒಬ್ರಿಗೊಬ್ರು ಮಾತಾಡಿಲ್ಲ.”

ನನ್ನ ಬಾಯಲ್ಲಿ ಖಾರ, ಕಣ್ಣಲ್ಲಿ ನೀರು, ನಾಲಿಗೆಯ ತುದಿಯಲ್ಲಿ ನಮ್ಮ ಸ್ಕೂಲಿನ ಕಥೆಗಳು ನಾ ಮುಂದು ತಾ ಮುಂದು ಅಂತ ನೂಕಾಡುತ್ತಿವೆ. ತುಟಿ ಬಿಗಿಹಿಡಿದೆ. ವೀಣಾ ನನ್ನ ಮುಖ ನೋಡಿ ಗಾಬರಿಯಾದಳು. “ಅತ್ತೆ? ಅತ್ತೆ, ಏನಾಯ್ತು? ಏನ್ರೀ, ಬರ್ರಿ ಇಲ್ಲಿ, ಅವ್ವ ಮಾತಾಡ್ತಿಲ್ಲ!” ಮಗ ಓಡಿಬಂದು ಬಿಪಿ ಮಷೀನು ಕಟ್ಟಿದ. ನಿಜಕ್ಕೂ ಏರಿತ್ತು. ಸುಮ್ಮನಿರುವುದು ಈ ವಯಸ್ಸಿಗೆ ಅಷ್ಟು ಸುಲಭವಲ್ಲ.

ಉಸಿರು ತಿರುಗಿದ ಮೇಲೆ ಒಂದೇ ಮಾತು ಹೇಳಿದೆ: “ಶನಿವಾರ ಅವರ ಮನೆಗೆ ಹೋಗೋಣ. ನಾನೂ ಬರ್ತೀನಿ, ಸೀರೆ ನೋಡೋ ನೆಪ ಆಗತ್ತೆ.”

“ಬರ್ರಿ. ಆದ್ರೆ ಅಲ್ಲಿ ಮಾತಾಡೋದು ನಾನು.”

ಹೋದೆವು. ಮಗ್ಗದ ಹಿಂದಿನಿಂದ ಲಕ್ಷ್ಮಿ ಇಣುಕಿದಳು. ನಾನು ಚಾಪೆಯ ಮೇಲೆ ಕೂತು ಸೆರಗಿನ ಜರಿ ನೋಡುವ ನಾಟಕ ಮಾಡಿದೆ. ವೀಣಾ “ತಪ್ಪಾಯ್ತಮ್ಮ, ಎಲ್ಲರ ಮುಂದೆ ಬೈಬಾರದಿತ್ತು,” ಅಂದಳು. ಆ ತಾಯಿ ಕಣ್ಣೊರೆಸಿಕೊಂಡು, ಗಂಡನ ಬೆನ್ನುನೋವು, ಕೈಗೆ ಹುಡುಗಿಯ ಸಹಾಯ ಬೇಕಾದದ್ದು, ಎಲ್ಲ ಹೇಳಿದರು. ಇಬ್ಬರೂ ಅತ್ತರು, ಆಮೇಲೆ ಯಾಕೋ ಇಬ್ಬರೂ ನಕ್ಕರು. ಸೋಮವಾರದಿಂದ ಲಕ್ಷ್ಮಿ ಸ್ಕೂಲಿಗೆ ಬರುವುದೆಂದಾಯಿತು. ನನ್ನ ಎದೆ ತುಂಬಿ ಬಂತು. ಐ ಮಸ್ಟ್ ಸೇ, ಎಷ್ಟೋ ವರ್ಷಗಳ ನಂತರ ನಾನೂ ಟೀಚರ್ ಅನ್ನಿಸಿತು.

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಇನ್ನು ಸೊಸೆ ನನ್ನವಳೇ ಎಂಬ ನೆಮ್ಮದಿಯಲ್ಲಿ, “ನಮ್ಮ ಸ್ಕೂಲಲ್ಲಿ ಒಂದ್ಸಲ...” ಅಂತ ಶುರು ಮಾಡಿದೆ. ತಿರುಗಿ ನೋಡಿದರೆ ವೀಣಾ ಫೋನು ಕಿವಿಗೆ ಹಿಡಿದು ಮುಸಿಮುಸಿ ನಗುತ್ತಿದ್ದಾಳೆ.

“ಮತ್ತೆ ಆ ಆ್ಯಪಾ?”

“ಅಲ್ಲ ಅತ್ತೆ, ಲಕ್ಷ್ಮಿ ಅವ್ವ. ಬಸ್ ಸಿಕ್ತಾ ಅಂತ ಕೇಳ್ತಿದಾರೆ. ದಿನಾ ಸಂಜೆ ಫೋನ್ ಮಾಡ್ತೀನಿ ಅಂದ್ರು.”

ಪಾಪ, ಆ ಆ್ಯಪ್ ಎಷ್ಟೋ ಒಳ್ಳೆಯದಿತ್ತು. ತಾನಾಗಿ ಎಂದೂ ಫೋನ್ ಮಾಡುತ್ತಿರಲಿಲ್ಲ.